ಕ್ಲಿಪ್ಪಿಗೆ ಲೈಕು, ಕಮೆಂಟಿನಲ್ಲಿ ಬೈಗುಳ

(ಗುಮ್ಮಘಟ್ಟದಲ್ಲಿ ಗಡಿ ತಾಲೂಕುಗಳ ಕನ್ನಡ ಹುಡುಗ-ಹುಡುಗಿಯರ ಮುಂದೆ ಆಡಿದ ಮಾತುಗಳು. ಬರಲಾಗದವರಿಗಾಗಿ ಇಲ್ಲಿ ಹಾಕಿದ್ದೇವೆ. ಆಡಿದ ಹಾಗೇ ಇಟ್ಟಿದ್ದೇವೆ, ಅಲ್ಲಲ್ಲಿ ಮಾತ್ರ ಸ್ವಲ್ಪ ತಿದ್ದಿದ್ದೇವೆ.)

ರಾಯದುರ್ಗ, ಡಿ. ಹಿರೇಹಾಳ್ ಕಡೆಯಿಂದ ಬಂದವರಿಗೆ ಒಂದು ಶರಣು. ಮಡಕಶಿರಾ, ಅಗಳಿ, ರೊಳ್ಳದಿಂದ ಬಸ್ಸು ಬದಲಿಸಿ ಬದಲಿಸಿ ಬಂದವರಿಗೆ ಎರಡು. ನಾವು ಸೇರಿದಾಗೆಲ್ಲ ಕನ್ನಡ ಶಾಲೆ, ಮೇಷ್ಟ್ರು, ಪಠ್ಯಪುಸ್ತಕ ಇದನ್ನೇ ಮಾತಾಡ್ತೀವಿ. ಮಾತಾಡ್ಲೇಬೇಕು, ಬಿಡಂಗಿಲ್ಲ. ಇವತ್ತು ಮಾತ್ರ ನಿಮ್ಮ ಜೇಬಿನಲ್ಲಿರೋ ಫೋನಿನ ವಿಷಯ ಮಾತಾಡೋಣ ಅಂತ ಬಂದೀನಿ.

2021ರ ನವೆಂಬರ್ 9ನೇ ತಾರೀಖು. ದಿಲ್ಲಿಯ ರಾಷ್ಟ್ರಪತಿ ಭವನ. ಸೀರೆ ಉಟ್ಟ ಒಬ್ಬ ತಾಯಿ ಪದ್ಮಶ್ರೀ ತಗೊಳ್ಳೋಕೆ ಹೋಗ್ತಾಳೆ. ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಎದುರು ನಿಂತು ಸೆರಗಿನ ತುದಿ ಹಿಡಿದು ದೃಷ್ಟಿ ತೆಗೀತಾಳೆ. ರಾಷ್ಟ್ರಪತಿ ನಗ್ತಾರೆ, ಸಭೆ ಚಪ್ಪಾಳೆ ಹೊಡೆಯುತ್ತೆ. ಮಂಜಮ್ಮ ಜೋಗತಿ. ಆ ಕ್ಲಿಪ್ ನೋಡದವರು ಇಲ್ಲಿ ಯಾರಾದ್ರೂ ಇದ್ದೀರಾ? ನಮ್ಮ ಗಡಿ ಕನ್ನಡದ ಪೇಜುಗಳೆಲ್ಲ ಅದನ್ನ ಹಾಕಿದ್ವು, "ನಮ್ಮ ಕಡೆಯ ಹೆಮ್ಮೆ" ಅಂತ ಬರೆದುಕೊಂಡ್ವು. ಅದರಲ್ಲಿ ಸುಳ್ಳೇನಿಲ್ಲ. ಅವರು ಹುಟ್ಟಿದ್ದು ಬಳ್ಳಾರಿ ಜಿಲ್ಲೆಯ ಕಲ್ಲುಕಂಬ, ಬಾಳಿದ್ದು ಹೊಸಪೇಟೆ ಪಕ್ಕದ ಮರಿಯಮ್ಮನಹಳ್ಳಿ. ಅವರಿಗೆ ಮುತ್ತು ಕಟ್ಟಿದ್ದು ಹುಲಿಗಿಯಲ್ಲಿ. ಹುಲಿಗೆಮ್ಮ, ಉಚ್ಚಂಗೆಮ್ಮ, ಸವದತ್ತಿ ಎಲ್ಲಮ್ಮ, ಈ ಮೂವರ ಹೆಸರು ಹೇಳಿ ತಲೆಗೂದಲು ಕೊಟ್ಟು ಬರದ ಮನೆ ನಮ್ಮ ಮಂಡಲದಲ್ಲಿ ಎಷ್ಟಿವೆ ಹೇಳ್ರಿ. ಗಡಿ ಗೆರೆ ಆ ದೇವರುಗಳಿಗೂ ಗೊತ್ತಿಲ್ಲ, ಚೌಡಿಕೆಗೂ ಗೊತ್ತಿಲ್ಲ.

ಇದು ಒಂದು ಫೋನು. ಅದೇ ಫೋನಿನ ಇನ್ನೊಂದು ಮುಖ ನೋಡೋಣ. ನಮ್ಮ ಹುಡುಗರಿಗೆ ಎರಡು ಮನೆ ಹೀರೋಗಳು. ಕನ್ನಡದಲ್ಲಿ ಒಬ್ಬರು, ತೆಲುಗಿನಲ್ಲಿ ಒಬ್ಬರು. ಹಿಂದೂಪುರದ ಮಗ್ಗುಲಿನ ಮಡಕಶಿರಾ ಹುಡುಗರಿಗಂತೂ ಪಕ್ಕದ ಊರಿನ ಎಂಎಲ್ಎಯೇ ಸಿನಿಮಾ ಹೀರೋ. ಪ್ರೀತಿ ತಪ್ಪಲ್ಲ. ಒಂದು ಟೀಸರ್ ಬಂದ ರಾತ್ರಿ ಏನಾಗುತ್ತೆ? ಒಂದು ಕಡೆ ಅಭಿಮಾನಿ ಇನ್ನೊಂದು ಕಡೆ ಹೀರೋ ಫೋಟೋಗೆ ಸೀರೆ ಉಡಿಸಿ, ಬಿಂದಿ ಇಟ್ಟು ಎಡಿಟ್ ಮಾಡ್ತಾನೆ. ಕೆಳಗೆ ಕಮೆಂಟು ಶುರು. ಕನ್ನಡದಲ್ಲಿ "ಒಂಬತ್ತು", ತೆಲುಗಿನಲ್ಲಿ "ಕೊಜ್ಜಾ", ಎರಡರಲ್ಲೂ "ಚಕ್ಕಾ". ಬೆಂಗಳೂರಿನ ಹುಡುಗನಿಗೆ ತೆಲುಗು ಬೈಗುಳ ಅರ್ಥ ಆಗಲ್ಲ, ವಿಜಯವಾಡದವನಿಗೆ ಕನ್ನಡದ್ದು ಅರ್ಥ ಆಗಲ್ಲ. ನಮಗೆ ಎರಡೂ ಅರ್ಥ ಆಗುತ್ತೆ. ಎರಡು ಭಾಷೆ ಬಲ್ಲ ಲಾಭ ಅಂದ್ರೆ ಇದೂ ಒಂದು ಅನ್ನಿ! ಹೀರೋ ಬೇರೆ, ಲಿಪಿ ಬೇರೆ, ರಾಜ್ಯ ಬೇರೆ, ಬೈಗುಳ ಮಾತ್ರ ಒಂದೇ. ಲೆಕ್ಕದ ಒಂದು ಅಂಕಿಯನ್ನ ಮನುಷ್ಯನಿಗೆ ಬೈಗುಳ ಮಾಡಿದ್ದೀವಿ.

ಮಂಜಮ್ಮನ ಕ್ಲಿಪ್ಪಿಗೆ ಹೃದಯ ಒತ್ತಿದ ಬೆರಳೂ ಇದೇ, ಆ ಕಮೆಂಟು ಒತ್ತಿದ ಬೆರಳೂ ಇದೇ. ಇದು ಹೆಂಗೆ ಸಾಧ್ಯ ಅಂತ ನಾನು ಬಹಳ ದಿನ ಯೋಚನೆ ಮಾಡಿದೆ. ಎರಡು ಗಲಾಟೆಗಳನ್ನ ಅಕ್ಕಪಕ್ಕ ಇಟ್ಟು ನೋಡಿದಾಗ ಸ್ವಲ್ಪ ಹೊಳೀತು.

ಮೊದಲನೇದು ತೆಲುಗಿನದು. 2022ರ ಮಾರ್ಚಿನಲ್ಲಿ 'ಆರ್‌ಆರ್‌ಆರ್' ಬಂತು. ಇಬ್ಬರು ಹೀರೋ. ಯಾರ ಪಾತ್ರ ದೊಡ್ಡದು ಅಂತ ರಾಮ್‌ಚರಣ್ ಅಭಿಮಾನಿಗಳೂ ಎನ್‌ಟಿಆರ್ ಅಭಿಮಾನಿಗಳೂ ಕಿತ್ತಾಡಿದ್ದು ನಿಮಗೇ ಗೊತ್ತು. ಆಮೇಲೆ ಸಿನಿಮಾ ನೆಟ್‌ಫ್ಲಿಕ್ಸಿಗೆ ಹೋಯ್ತು, ಅಮೆರಿಕ, ಇಂಗ್ಲೆಂಡಿನ ಮಂದಿ ನೋಡಿದ್ರು. ಅವರಲ್ಲಿ ಎಷ್ಟೋ ಜನಕ್ಕೆ ಆ ಇಬ್ಬರ ಗೆಳೆತನ ಪ್ರೇಮದ ಹಾಗೆ ಕಂಡಿತು. ಒಬ್ಬರನ್ನೊಬ್ಬರು ಹೆಗಲ ಮೇಲೆ ಹೊತ್ತು ಹೋರಾಡೋದು, ಕಣ್ಣಲ್ಲಿ ಕಣ್ಣಿಟ್ಟು ನೋಡೋದು. ಅವರು ಅದನ್ನ ಸಂತೋಷದಿಂದ ಬರ್ಕೊಂಡ್ರು, ಚಿತ್ರ ಬರೆದ್ರು, ವಿಡಿಯೋ ಮಾಡಿದ್ರು. ಹೀರೋನ ಪ್ರೀತಿಸೋಕೆ ಅವರಿಗದು ಒಂದು ದಾರಿ. ಆ ವರ್ಷ ಜುಲೈನಲ್ಲಿ ಆಸ್ಕರ್ ಪಡೆದ ನಮ್ಮ ಸೌಂಡ್ ಡಿಸೈನರ್ ರಸೂಲ್ ಪೂಕುಟ್ಟಿ ಟ್ವಿಟರಿನಲ್ಲಿ ಇದನ್ನ ಸಲಿಂಗ ಪ್ರೇಮದ ಕಥೆ ಅಂತ ಒಂದೇ ಮಾತಿನಲ್ಲಿ ಕರೆದುಬಿಟ್ಟರು. ಅವರ ದನಿಯಲ್ಲಿ ವ್ಯಂಗ್ಯ ಇತ್ತು, ಮೆಚ್ಚುಗೆ ಇರಲಿಲ್ಲ. ಅಭಿಮಾನಿಗಳು ಬಿದ್ದರು ನೋಡಿ ಮೇಲೆ! ಅವರ ತಾಯಿ ತಂದೆಯನ್ನೂ ಬಿಡಲಿಲ್ಲ. ಆವಾಗ 'ಬಾಹುಬಲಿ' ನಿರ್ಮಾಪಕ ಶೋಬು ಯಾರ್ಲಗಡ್ಡ ಒಂದು ಸಣ್ಣ ಮಾತು ಬರೆದ್ರು. ಇದು ಅಂಥ ಕಥೆ ಅಂತ ನನಗೆ ಅನ್ನಿಸಲ್ಲ, ಹಾಗೊಮ್ಮೆ ಇದ್ದರೂ ಅದರಲ್ಲಿ ಕೆಟ್ಟದ್ದೇನಿದೆ, ಅನ್ನೋ ಅರ್ಥದ ಮಾತು. ಆ ಇಡೀ ಗದ್ದಲದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ ಇತ್ತು. ಕೇಳಿದವರು ಬಹಳ ಕಮ್ಮಿ. ಅಂದವರೂ ಅದನ್ನ ಬೈಗುಳ ಅಂತಲೇ ಅಂದರು, ಕೇಳಿಸಿಕೊಂಡವರಿಗೂ ಅದು ಬೈಗುಳವಾಗಿಯೇ ಕೇಳಿಸಿತು.

ಎರಡನೇದು ಕನ್ನಡದ್ದು, ಮೊನ್ನೆ ಮೊನ್ನೆಯದು. 2025ರ ನವೆಂಬರಿನಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದ ಪುರುಷೋತ್ತಮ ಬಿಳಿಮಲೆ ಅವರು ಮೈಸೂರಿನ ಒಂದು ಕಾರ್ಯಕ್ರಮದಲ್ಲಿ ಯಕ್ಷಗಾನದ ಬಗ್ಗೆ ಮಾತಾಡ್ತಾ, ತಿಂಗಳುಗಟ್ಟಲೆ ಮನೆ ಬಿಟ್ಟು ತಿರುಗುತ್ತಿದ್ದ ಮೇಳದ ಕಲಾವಿದರ ನಡುವೆ ಸಲಿಂಗ ಸಂಬಂಧಗಳಿದ್ದವು ಅಂದರು. ಅವರು ಜಾನಪದ ವಿದ್ವಾಂಸರು, ಆ ಕಲೆಯನ್ನ ಹತ್ತಿರದಿಂದ ಬಲ್ಲವರು. ಕರಾವಳಿ ಹೊತ್ತಿಕೊಂಡಿತು. ನಮ್ಮ ಹಾಗೇ ಗಡಿಯಾಚೆ ಇರೋ ಕಾಸರಗೋಡಿನ ಕನ್ನಡಿಗರಿಗೆ ಯಕ್ಷಗಾನ ಅಂದ್ರೆ ನಮಗೆ ಬಯಲಾಟ ಇದ್ದ ಹಾಗೆ, ಅದಕ್ಕಿಂತ ಒಂದು ಕೈ ಮೇಲೆ. ಅಲ್ಲಿ ಮೇಳಕ್ಕೂ ಅಭಿಮಾನಿಗಳಿದ್ದಾರೆ, ಭಾಗವತರಿಗೂ ಇದ್ದಾರೆ. ಸ್ತ್ರೀವೇಷದವರಿಗಂತೂ ಇನ್‌ಸ್ಟಾಗ್ರಾಂ ಹುಟ್ಟೋಕೆ ಎಷ್ಟೋ ಮುಂಚೆಯೇ ಅಭಿಮಾನಿ ಬಳಗ ಇತ್ತು. ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷ ನೋಡೋಕೆ ರಾತ್ರಿಯೆಲ್ಲ ಕೂತವರು ಆ ಸೀಮೆಯಲ್ಲಿ ಇವತ್ತಿಗೂ ಸಿಗ್ತಾರೆ.

ಕಲಾವಿದರ ಸಿಟ್ಟಿನಲ್ಲಿ ನ್ಯಾಯ ಇತ್ತು, ಅದನ್ನ ಮೊದಲು ಹೇಳ್ತೀನಿ. ಬದುಕಿರೋ ಜನ, ಹೆಂಡತಿ ಮಕ್ಕಳಿರೋ ಮನೆ. ವೇದಿಕೆ ಮೇಲೆ ನಿಂತು ಒಂದು ಇಡೀ ಕಸುಬಿನವರ ಖಾಸಗಿ ಬದುಕಿನ ಬಗ್ಗೆ ಒಟ್ಟಾರೆ ಮಾತಾಡಿದ್ರೆ ನಾಳೆ ಹೆಣ್ಣುವೇಷ ಕಟ್ಟೋ ಹದಿನೆಂಟರ ಹುಡುಗನನ್ನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕೆಣಕ್ತಾರೆ. ಆ ಭಯ ಖರೆ. ಆದ್ರೆ ಫೇಸ್‌ಬುಕ್ಕಿನಲ್ಲಿ ಆ ದಿನಗಳಲ್ಲಿ ಬಂದ ಪೋಸ್ಟುಗಳನ್ನ ಓದಿ ನೋಡ್ರಿ. ಖಾಸಗಿ ಬದುಕು ನಿಮಗ್ಯಾಕೆ ಅಂದವರು ಕೆಲವರು. ಉಳಿದವರು ಬರೆದದ್ದು ನಮ್ಮ ಕಲೆಗೆ ಹೊಲಸು ಹಚ್ಚಿದರು ಅಂತ. ಆ ಹೊಲಸು ಯಾವುದು? ಹಾಗಿದ್ದವರು ಯಾರಾದರೂ ಆ ಮೇಳಗಳಲ್ಲಿ ಇದ್ದೇ ಇದ್ದರೆ, ಕುಣಿದೇ ಇದ್ದರೆ, ನೀವು ಕಣ್ಣೀರಿಟ್ಟು ನೋಡಿದ ದಮಯಂತಿ ಅವರೇ ಆಗಿದ್ದರೆ, ಅವರೂ ಹೊಲಸೇನು? ಈ ಪ್ರಶ್ನೆಯನ್ನ ಆ ಗಲಾಟೆಯಲ್ಲಿ ಎರಡೂ ಕಡೆಯವರು ದಾಟಿಕೊಂಡು ಹೋದರು.

ಒಂದು ಮಾತು ಬಿಡಿಸಿ ಹೇಳ್ಬೇಕು. ಎಲ್‌ಜಿಬಿಟಿ ಅಂತ ಒಂದೇ ಉಸಿರಿಗೆ ಅಂದರೂ ಒಳಗಿರೋದು ಬೇರೆ ಬೇರೆ ವಿಷಯ. ಗಂಡಸು ಗಂಡಸನ್ನ, ಹೆಂಗಸು ಹೆಂಗಸನ್ನ ಪ್ರೀತಿಸೋದು ಒಂದು. ಹುಟ್ಟಿದಾಗ ಗಂಡು ಅಂತ ಬರೆಸಿದವರು ತಾನು ಹೆಣ್ಣು ಅಂತ ಬಾಳೋದು ಇನ್ನೊಂದು. ವೇಷ ಕಟ್ಟೋದು ಇವೆರಡೂ ಅಲ್ಲ, ಅದು ಕಸುಬು. ನಮ್ಮ ಕಮೆಂಟ್ ಬಾಕ್ಸಿಗೆ ಈ ವ್ಯತ್ಯಾಸ ಏನೂ ಬೇಕಾಗಿಲ್ಲ. ಮೂವರಿಗೂ ಒಂದೇ ಅಂಕಿ.

ಅಭಿಮಾನಿಗಳು ಯಾವತ್ತಿಗೂ ಹಿಂಗೇ ಅಂತ ಕೈ ಚೆಲ್ಲಬೇಕಾಗಿಲ್ಲ. ಕೇರಳ ನೋಡ್ರಿ. 2023ರ ನವೆಂಬರಿನಲ್ಲಿ 'ಕಾದಲ್' ಅನ್ನೋ ಸಿನಿಮಾ ಬಂತು. 72 ವರ್ಷದ ಮಮ್ಮುಟ್ಟಿ, ಅದೂ ತಾನೇ ದುಡ್ಡು ಹಾಕಿ, ಪಂಚಾಯಿತಿ ಉಪಚುನಾವಣೆಗೆ ನಿಂತ ಒಬ್ಬ ಸಲಿಂಗಿ ಗೃಹಸ್ಥನ ಪಾತ್ರ ಮಾಡಿದರು. ಹೆಂಡತಿ ವಿಚ್ಛೇದನ ಕೇಳ್ತಾಳೆ, ಊರಿಗೆ ಗೊತ್ತಾಗುತ್ತೆ, ಅಷ್ಟೇ ಕಥೆ. ಅಭಿಮಾನಿಗಳು ಥಿಯೇಟರ್ ಸುಡಲಿಲ್ಲ. ಆ ವರ್ಷದ ಕೇರಳ ರಾಜ್ಯ ಪ್ರಶಸ್ತಿಯಲ್ಲಿ ಅದೇ ಅತ್ಯುತ್ತಮ ಚಿತ್ರ ಆಯ್ತು. ನಮ್ಮ ಕನ್ನಡದಲ್ಲೂ ಅದಕ್ಕಿಂತ ಮುಂಚೆ 2015ರಲ್ಲಿ 'ನಾನು ಅವನಲ್ಲ ಅವಳು' ಬಂದಿತ್ತು, ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧರಿಸಿ. ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿ ಬಂತು. ವಿಜಯ್ 2021ರಲ್ಲಿ ಅಪಘಾತದಲ್ಲಿ ಹೋದಾಗ ಸ್ಟೇಟಸ್ ಹಾಕದ ಹುಡುಗರಿಲ್ಲ. ಸಿನಿಮಾ ಎಷ್ಟು ಜನ ನೋಡಿದ್ರೋ, ಅದು ಬೇರೆ ಮಾತು.

ಈಗ ನಮ್ಮ ವಿಷಯಕ್ಕೆ ಬರ್ತೀನಿ. ಕರ್ನಾಟಕದಲ್ಲಿ ಈ ಸಮುದಾಯಕ್ಕೆ ಸರ್ಕಾರಿ ಕಾಗದದಲ್ಲಿ ಏನಂತ ಬರೀತಾರೆ ಗೊತ್ತಾ? ಲಿಂಗತ್ವ ಅಲ್ಪಸಂಖ್ಯಾತರು. ಆಂಧ್ರದಲ್ಲಿ ನಮಗೆ ಏನಂತ ಬರೀತಾರೆ? ಭಾಷಾ ಅಲ್ಪಸಂಖ್ಯಾತರು. ಪದದ ಬಾಲ ಒಂದೇ. ಜನಗಣತಿಯಲ್ಲಿ ಮಾತೃಭಾಷೆಯ ಕಾಲಂ ಸರಿಯಾಗಿ ತುಂಬಿಸ್ರಪ್ಪಾ, ತೆಲುಗು ಅಂತ ಬರ್ಕೊಂಡು ಹೋಗೋಕೆ ಬಿಡಬ್ಯಾಡ್ರಿ ಅಂತ ನಾವು ಮನೆ ಮನೆ ತಿರುಗ್ತೀವಿ. 2011ರ ಜನಗಣತಿಯಲ್ಲಿ ಲಿಂಗದ ಕಾಲಂನಲ್ಲಿ ಮೊದಲ ಸಲ ಗಂಡು, ಹೆಣ್ಣು ಬಿಟ್ಟು 'ಇತರೆ' ಅಂತ ಒಂದು ಆಯ್ಕೆ ಬಂತು. ಇಡೀ ದೇಶದಲ್ಲಿ 4,87,803 ಜನ. ತೆಲಂಗಾಣ ಸೇರಿದ್ದ ಆಗಿನ ಆಂಧ್ರದಲ್ಲಿ 43,769, ಕರ್ನಾಟಕದಲ್ಲಿ 20,266. ಕಾಲಂನಲ್ಲಿ ಹೆಸರಿಲ್ಲದವರಿಗೆ ಯೋಜನೆ ಇಲ್ಲ, ಶಾಲೆ ಇಲ್ಲ, ಏನೂ ಇಲ್ಲ. ಇದನ್ನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದ್ರೆ ಒಂದು ದೊಡ್ಡ ಫರಕು ಐತಿ. ರಾಯದುರ್ಗದ ಕನ್ನಡ ಮಗು ಕಚೇರಿಯಲ್ಲಿ ಒಂಟಿ ಆಗಬಹುದು, ತೆಲುಗು ಕ್ಲಾಸಿನಲ್ಲಿ ಒಂಟಿ ಆಗಬಹುದು. ಸಂಜೆ ಮನೆಗೆ ಬಂದರೆ ಅವ್ವ ಕನ್ನಡದಲ್ಲೇ ಊಟಕ್ಕೆ ಕರೀತಾಳೆ. ಆ ಇನ್ನೊಂದು ಮಗುವಿಗೆ ಮನೆಯೇ ಮೊದಲ ಪರದೇಶ. ಅವ್ವ ಅದರ ಥರ ಅಲ್ಲ, ಅಪ್ಪ ಅದರ ಥರ ಅಲ್ಲ, ಅಣ್ಣ ಹೊಡೀತಾನೆ. ಅದು ತನ್ನ ಭಾಷೆಯವರನ್ನ ಹುಡುಕಿಕೊಂಡು ಮನೆ ಬಿಟ್ಟೇ ಹೋಗಬೇಕು. ಮಂಜಮ್ಮನವರ ಕಥೆ ಅದೇ. ಮನೆ ಬಿಟ್ಟು, ವಿಷ ಕುಡಿದು ಬದುಕಿ, ಭಿಕ್ಷೆ ಬೇಡಿ, ಇಡ್ಲಿ ಮಾರಿ, ಕೊನೆಗೆ ಕಾಳವ್ವ ಜೋಗತಿಯ ಕೈಗೆ ಸೇರಿ ಕೊಡ ಹೊತ್ತು ಕುಣಿಯೋದು ಕಲಿತರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷಗಿರಿ, ಆಮೇಲೆ ದಿಲ್ಲಿ. ನಮ್ಮ ಕ್ಲಿಪ್ ಇರೋದು ಕೊನೆಯ ಅರ್ಧ ನಿಮಿಷದ್ದು ಮಾತ್ರ. ಮುಂಚಿನ ನಲವತ್ತು ಚಿಲ್ಲರೆ ವರ್ಷ ರೀಲಿಗೆ ಹಿಡಿಸಲ್ಲ. ಓದಬೇಕಂದ್ರೆ ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಅವರ ಆತ್ಮಕಥೆ 'ನಡುವೆ ಸುಳಿವ ಹೆಣ್ಣು' ಐತಿ. ಒಂದು ಪ್ರತಿ ತರಿಸಿ, ಕೈಯಿಂದ ಕೈಗೆ ಓದ್ರಿ. ಮುತ್ತು ಕಟ್ಟೋ ಪದ್ಧತಿಯನ್ನ ನಾನು ಹೊಗಳ್ತಾ ಇಲ್ಲ, ತಿಳ್ಕೊಳ್ರಿ. ದೇವರ ಹೆಸರಲ್ಲಿ ಹೆಣ್ಣುಮಕ್ಕಳನ್ನ ಬಿಡೋದನ್ನ ಕರ್ನಾಟಕ 1982ರಲ್ಲೂ ಆಂಧ್ರ 1988ರಲ್ಲೂ ಕಾನೂನು ಮಾಡಿ ನಿಲ್ಲಿಸಿವೆ, ನಿಲ್ಲಿಸಿದ್ದೇ ಒಳ್ಳೇದು. ನಾನು ಹೇಳೋದು ಆ ಚೌಡಿಕೆಯ ಪದಗಳ ವಿಷಯ, ಹಾಡಿದವರ ವಿಷಯ.

ನಮ್ಮ ಕಡೆಯ ಒಬ್ಬ ಹುಡುಗ. ಊರು ಹೇಳಲ್ಲ, ಹೇಳಿದ್ರೆ ನೀವು ಗುರುತು ಹಿಡೀತೀರಿ. ಅವನು ಎಲ್ಲಮ್ಮನ ಪದಕ್ಕೆ ತಲೆ ಮೇಲೆ ತಂಬಿಗೆ ಇಟ್ಟುಕೊಂಡು ಕುಣಿದು ರೀಲ್ ಹಾಕ್ತಿದ್ದ. ಕೈ ಬಿಟ್ಟು ಕುಣಿದ್ರೂ ತಂಬಿಗೆ ಅಲುಗಾಡ್ತಿರಲಿಲ್ಲ. ನನಗಂತೂ ಬಹಳ ಹಿಡಿಸಿತ್ತು. ಒಂದು ವಿಡಿಯೋ ಜೋರು ಓಡಿತು, ಲಕ್ಷ ದಾಟಿತು. ಆವಾಗ ಯಾವುದೋ ಫ್ಯಾನ್ ಪೇಜಿನವರು ಅದನ್ನ ಕತ್ತರಿಸಿ, ಎದುರಾಳಿ ಹೀರೋ ಹಾಡಿಗೆ ಜೋಡಿಸಿ "ಇವರ ಫ್ಯಾನ್ಸ್ ಇಂಥವರೇ" ಅಂತ ಹಾಕಿದ್ರು. ಆ ಹುಡುಗ ಯಾವ ಹೀರೋ ಅಭಿಮಾನಿಯೂ ಅಲ್ಲ. ಎರಡು ದಿನದಲ್ಲಿ ಊರಿನ ವಾಟ್ಸಾಪ್ ಗುಂಪಿಗೆ ಬಂತು. ಮೂರನೇ ದಿನ ಅವನ ಅಪ್ಪನ ಫೋನಿಗೆ ಬಂತು. ಈಗ ಅವನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋ ಕೆಲಸದಲ್ಲಿದ್ದಾನೆ. ಖಾತೆ ಅಳಿಸಿದ್ದಾನೆ. ಅವನು ಗಂಡಸನ್ನ ಪ್ರೀತಿಸ್ತಾನೋ, ಹೆಣ್ಣಾಗಿ ಬಾಳಬೇಕು ಅಂತಾನೋ, ಸುಮ್ಮನೆ ಕುಣಿಯೋ ಹುಚ್ಚೋ, ನನಗೆ ಗೊತ್ತಿಲ್ಲ, ಕೇಳಿಲ್ಲ. ಅದನ್ನ ತೀರ್ಮಾನ ಮಾಡೋಕೆ ಅವನಿಗೇ ಯಾರೂ ಹೊತ್ತು ಕೊಡಲಿಲ್ಲ.

ಬೆಂಗಳೂರಿನಲ್ಲಿ 2008ರಿಂದ ಪ್ರೈಡ್ ಮೆರವಣಿಗೆ ನಡೀತಿದೆ. ಕಾಮನಬಿಲ್ಲಿನ ಬಾವುಟ, ತಮಟೆ, ಚಂದ ಇರುತ್ತೆ. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟು ಒಪ್ಪಿ ಕೂಡಿದ ವಯಸ್ಕರ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಹೇಳಿದ ಮೇಲೆ ಇನ್ನೂ ಧೈರ್ಯ ಬಂತು. ಅಲ್ಲಿನ ಗೆಳೆಯರು ಫೋನಿನಲ್ಲಿ ಹೇಳ್ತಾರೆ, ಹೊರಗೆ ಬನ್ನಿ, ಹೇಳಿಕೊಳ್ಳಿ, ಹೆಮ್ಮೆಪಡಿ ಅಂತ. ಒಳ್ಳೆ ಮಾತೇ. ಆದರೆ ಬೆಂಗಳೂರಿನಲ್ಲಿ ಒಬ್ಬ ಹೊರಗೆ ಬಂದರೆ ಪಕ್ಕದ ಬೀದಿಗೆ ಹೋದ ತಕ್ಷಣ ಅವನು ಯಾರಿಗೂ ಗೊತ್ತಿರಲ್ಲ. ಗುಮ್ಮಘಟ್ಟದಲ್ಲಿ ಹೊರಗೆ ಬಂದರೆ ಹೋಗೋಕೆ ಪಕ್ಕದ ಬೀದಿ ಎಲ್ಲಿದೆ? ಇಲ್ಲಿ ಹೇಳಿಕೊಳ್ಳಬೇಕಾ ಬೇಡವಾ ಅನ್ನೋದು ಅವರವರ ಇಷ್ಟ. ಇನ್ನೊಬ್ಬರ ಬಗ್ಗೆ ನಾವು ಹೇಳೋದು, ಟ್ಯಾಗ್ ಮಾಡೋದು, ಬೆಂಬಲ ಅಂದುಕೊಂಡೇ ಆದರೂ ಹೆಸರು ಹಾಕೋದು, ಅದು ಮಾತ್ರ ಆಗಬಾರದು.

ಅಭಿಮಾನಿಗಳ ಕೈಯಲ್ಲಿ ಏನಿದೆ ಅಂತ ಕೇಳ್ತೀರಿ. ಬಹಳ ಐತಿ. ಹ್ಯಾರಿ ಪಾಟರ್ ಪುಸ್ತಕದ ಲೇಖಕಿ 2020ರಲ್ಲಿ ಟ್ರಾನ್ಸ್‌ಜೆಂಡರ್ ಜನರ ಬಗ್ಗೆ ಬರೆದದ್ದಕ್ಕೆ ಆ ಪುಸ್ತಕದ ಎರಡು ದೊಡ್ಡ ಅಭಿಮಾನಿ ತಾಣಗಳು ಕೂಡಿ ಒಂದು ಹೇಳಿಕೆ ಹೊರಡಿಸಿದ್ವು. ಕಥೆಯನ್ನ ಪ್ರೀತಿಸ್ತೀವಿ, ಅವರ ಈ ಮಾತಿನ ಜೊತೆ ನಾವಿಲ್ಲ, ಅವರ ಫೋಟೋ ನಮ್ಮಲ್ಲಿ ಹಾಕಲ್ಲ ಅಂತ. ಯಾರನ್ನೂ ಬೈಯದೆ ಮಾಡಿದ ಕೆಲಸ ಅದು. ನೀವು ಅವರ ಪರವೋ, ಇವರ ಪರವೋ, ಅದು ಬೇರೆ ಚರ್ಚೆ. ಪೇಜು ನಡೆಸೋರಿಗೆ ಒಂದು ನಿಲುವು ಇರಬಹುದು ಅನ್ನೋದಕ್ಕೆ ಹೇಳಿದೆ. ನಮ್ಮಲ್ಲೇ ನೋಡ್ರಿ, 1982ರ ಗೋಕಾಕ್ ಚಳವಳಿಗೆ ರಾಜಣ್ಣ ಇಳಿದ ಮೇಲೆ ಅಭಿಮಾನಿಗಳು ಊರೂರಿಗೆ ಕನ್ನಡ ಒಯ್ದರು. 2021ರಲ್ಲಿ ಅಪ್ಪು ಹೋದಾಗ ಅವರ ಕಣ್ಣು ದಾನ ಆಯ್ತು ಅಂತ ತಿಳಿದು ನೇತ್ರದಾನಕ್ಕೆ ಹೆಸರು ಬರೆಸಿದವರ ಸಾಲೇ ನಿಂತಿತ್ತು. ನಮ್ಮ ಕಡೆಯ ಹುಡುಗರೂ ಬರೆಸಿದ್ರು. ಅದೂ ಅಭಿಮಾನವೇ.

ಈಗ ಕೆಲಸದ ಮಾತು, ಬೇಗ ಮುಗಿಸ್ತೀನಿ. ಪೇಜು ನಡೆಸೋರು ಎಷ್ಟು ಜನ ಇದ್ದೀರಿ, ಕೈ ಎತ್ತಿ. ಇನ್‌ಸ್ಟಾಗ್ರಾಂ ಸೆಟ್ಟಿಂಗಿನಲ್ಲಿ ಬೇಡದ ಪದಗಳನ್ನ ನೀವೇ ಸೇರಿಸಿ ಅಂಥ ಕಮೆಂಟು ಮರೆಮಾಡೋ ವ್ಯವಸ್ಥೆ ಇದೆ. ಆ ಬೈಗುಳಗಳನ್ನ ಕನ್ನಡ ಲಿಪಿಯಲ್ಲೂ, ತೆಲುಗು ಲಿಪಿಯಲ್ಲೂ, ಇಂಗ್ಲಿಷ್ ಅಕ್ಷರದಲ್ಲೂ ಸೇರಿಸಿ. ಮೂರೂ ಬಲ್ಲವರು ನಾವೇ, ಬೆಂಗಳೂರಿನವರಿಂದಲೂ ಹೈದರಾಬಾದಿನವರಿಂದಲೂ ಆಗಲ್ಲ. ಸೀರೆ ಉಡಿಸಿದ ಎಡಿಟ್ ಬಂದರೆ, ನಿಮ್ಮ ಎದುರಾಳಿ ಹೀರೋದೇ ಆದರೂ, ಹಾಕಬ್ಯಾಡ್ರಿ. ನವೆಂಬರ್ ಒಂದಕ್ಕೆ ಬಾವುಟ ಏರಿಸುವಾಗ ಸುತ್ತಮುತ್ತಲ ಜೋಗತಿಯರನ್ನ ಚೌಡಿಕೆ ಪದ ಹಾಡೋಕೆ ಕರೀರಿ. ಕರೆದರೆ ಆರ್ಕೆಸ್ಟ್ರಾದವರಿಗೆ ಕೊಡೋ ಹಾಗೇ ದುಡ್ಡು ಕೊಡಿ, ಬಸ್ ಚಾರ್ಜು ಕೊಟ್ಟು ಶಾಲು ಹೊದಿಸಿ ಕಳಿಸೋದಲ್ಲ. ವಿಡಿಯೋ ಹಾಕೋ ಮುಂಚೆ ಒಂದು ಮಾತು ಕೇಳಿ. ಆಂಧ್ರದಲ್ಲಿ ಟ್ರಾನ್ಸ್‌ಜೆಂಡರ್ ಜನರಿಗೆ ಪಿಂಚಣಿ ಐತಿ, 2024ರಲ್ಲಿ ತಿಂಗಳಿಗೆ 4,000 ರೂಪಾಯಿಗೆ ಏರಿಸಿದ್ದಾರೆ. ಗ್ರಾಮ ಸಚಿವಾಲಯದ ಅರ್ಜಿ ಇರೋದು ತೆಲುಗಿನಲ್ಲಿ. ತುಂಬಿಸಿ ಕೊಡೋಕೆ ಎರಡು ಭಾಷೆ ಓದೋ ಹುಡುಗ ಒಬ್ಬ ಬೇಕು, ಜೊತೆಗೆ ಹೋಗಿ ಬಾಗಿಲಲ್ಲಿ ನಿಲ್ಲೋಕೆ ಇನ್ನೊಬ್ಬ. ಯಾರು ಬರ್ತೀರಿ ಅಂತ ಈಗಲೇ ಬೇಡ, ಊಟ ಆದ ಮೇಲೆ ನನ್ನ ಹತ್ತಿರ ಬಂದು ಹೆಸರು ಕೊಡಿ.

ಪ್ರಶ್ನೆ ಇದ್ದರೆ ಕೇಳ್ರಿ. ಹಿಂದಿನ ಸಾಲಿನ ತಂಗಿ ಆವಾಗಿಂದ ಏನೋ ಕೇಳಬೇಕು ಅಂತ ಕೂತಾಳೆ, ಮೈಕು ಮೊದಲು ಆಕೀಗೆ ಕೊಡ್ರಪ್ಪಾ.